ಅರ್ಧ ಕುಕ್ಕೆ ರಾಗಿ

ಪುಷ್ಯ ಮಳೆ ನಿಂತು ಎರಡು ದಿನವಾಯಿತು, ಮಣ್ಣು ಹದಕ್ಕೆ ಬಂದಿದೆ, ಹಿಡಿದರೆ ಉಂಡೆ ಕಟ್ಟುತ್ತದೆ, ಬಿಟ್ಟರೆ ಒಡೆಯುತ್ತದೆ, ಇವತ್ತು ನಾಳೆ ಬಿಟ್ಟರೆ ಇನ್ನಿಲ್ಲ — ಮುಂದೆ ಪಾಪಣ್ಣ ಎತ್ತು ಹೊಡೆಯುತ್ತಿದ್ದಾನೆ, ಪಕ್ಕದ ಹೊಲದವನು, ಇವತ್ತು ನನಗೆ ಮುಯ್ಯಿ ಬಂದಿದ್ದಾನೆ, ನಾಳೆ ನಾನು ಅವನ ಹೊಲಕ್ಕೆ ಹೋಗಬೇಕು — ಹಿಂದೆ ನಾನು, ಎಡಗೈ ಕೂರಿಗೆಯ ಮೇಣಿಯ ಮೇಲೆ, ಬಲಗೈಯಲ್ಲಿ ಬಿತ್ತನೆ ರಾಗಿ, ಮೇಲಿನ ಬಟ್ಟಲಿಗೆ ಬೆರಳ ಸಂದಿಯಿಂದ ಬಿಡುತ್ತ ಹೋಗಬೇಕು, ಹನ್ನೆರಡು ಕೊಳವೆಗೂ ಸಮವಾಗಿ ಇಳಿಯಬೇಕು, ಹೆಚ್ಚಾದರೆ ಪೈರು ಒತ್ತಾಗುತ್ತದೆ, ಕಡಿಮೆಯಾದರೆ ಸಾಲು ಬೋಳು, ನನ್ನ ಬೆರಳು ದಪ್ಪ, ಕಾಳು ಒಮ್ಮೆ ಗುಪ್ಪೆಯಾಗಿ ಬೀಳುತ್ತದೆ, ಒಮ್ಮೆ ಬೀಳುವುದೇ ಇಲ್ಲ, ಇದು ನನ್ನ ಕೆಲಸವಲ್ಲ, ಅಕ್ಕನ ಕೈ ಮಾಡುತ್ತಿದ್ದ ಕೆಲಸ. ನಮ್ಮ ಮನೆಯಲ್ಲಿ ಮೊದಲ ಹಿಡಿ ಹಾಕುವುದು ಹೆಣ್ಣುಮಗಳು, ಅಪ್ಪನ ಕಾಲದಿಂದಲೂ ಹಾಗೆ, ಮದುವೆಯಾಗಿ ಹೋದರೂ ಬಿತ್ತನೆಗೆ ಗಾಡಿ ಕಟ್ಟಿಕೊಂಡು ಹೋಗಿ ಕರೆತರಬೇಕು, ಅಕ್ಕ ಅಂಜಿನಮ್ಮ ಉದ್ದನಪಲ್ಲಿಯಿಂದ ಇಪ್ಪತ್ನಾಲ್ಕು ವರ್ಷ ತಪ್ಪದೆ ಬಂದಳು, ಬಸುರಿಯಾಗಿದ್ದಾಗಲೂ ಬಂದಳು, ಈ ವರ್ಷವೂ ಕರೆಯಲು ಹೋಗಿದ್ದೆ, ಹೋಗಿದ್ದೆನಲ್ಲ. ಇವತ್ತು ಬೆಳಿಗ್ಗೆ ಮೊದಲ ಹಿಡಿ ಯಾರು ಹಾಕೋದು ಎಂದು ಪಾಪಣ್ಣ ಕೇಳಲಿಲ್ಲ, ಎತ್ತಿನ ಕೊರಳು ಸವರುತ್ತ ಆ ಕಡೆ ನೋಡಿಕೊಂಡು ನಿಂತ, ನಾನೇ ಹಾಕಿದೆ, ಕೈ ಬೆವರಿ ಕಾಳು ಅಂಗೈಗೆ ಅಂಟಿಕೊಂಡಿತು. ಈ ಬಿತ್ತನೆಯೂ ಅವಳು ಆರಿಸಿದ್ದೇ, ಹೋದ ಸುಗ್ಗಿಗೆ ಬಂದವಳು ಕೊಯ್ಲಿಗೆ ಮುಂಚೆ ಹೊಲವೆಲ್ಲ ಒಬ್ಬಳೇ ಸುತ್ತಿ, ಬೆರಳು ಮಡಿಚಿದ ಮುಷ್ಟಿಯಂತಿರುವ ತೆನೆಗಳನ್ನೇ ಒಂದೊಂದಾಗಿ ಮುರಿದು, ಮೂರು ದಿನ ಆರಿಸಿ, ಹುಲ್ಲಿನಲ್ಲಿ ಸುತ್ತಿ ಅಟ್ಟಕ್ಕೆ ಹಾಕಿ ಹೋದಳು, ಮೂರು ದಿನ, ನಾವೆಲ್ಲ ನಗುತ್ತಿದ್ದೆವು, ಇವಳ ಕೈಗೆ ಕೊಟ್ಟರೆ ಬಿತ್ತನೆ ಆರಿಸುವಷ್ಟರಲ್ಲಿ ಮುಂದಿನ ಮಳೆ ಬಂದೀತು ಎಂದು.

ಸಾಲು ಮುಗಿಯಿತು, ಎತ್ತು ತಿರುಗಬೇಕು, ಬದುವಿನ ಹೊಂಗೆ ಮರ, ಅದರ ತಗ್ಗು ಕೊಂಬೆಯಲ್ಲಿ ಲಾಂದ್ರ ತೂಗುತ್ತಿದೆ. ನೋಡಬಾರದು ಎಂದುಕೊಂಡರೂ ಕಣ್ಣು ಅಲ್ಲಿಗೇ ಹೋಗುತ್ತದೆ, ಗಾಜಿನ ಮೇಲೆ ಒಂದು ಕಡೆ ಮಸಿ, ತಂತಿ ಕಟ್ಟಿ ಸರಿಮಾಡಿದ ಹಿಡಿ, ಆ ತಂತಿ ಕಟ್ಟಿದವಳು ಅಕ್ಕ. ಹಗಲೊತ್ತು ಲಾಂದ್ರ ಯಾಕ್ಲಾ ತಂದೆ ಆವುಲಪ್ಪ, ಮೊಳಕೆ ಹುಡುಕೋಕಾ ಎಂದು ಪಾಪಣ್ಣ ಬೆಳಿಗ್ಗೆ ಕೇಳಿದ, ನಗಿಸಬೇಕೆಂದೇ ಕೇಳಿದ ಪಾಪ, ನಾನು ನಗಲಿಲ್ಲ, ಬಾವನಿಗೆ ಕೊಡಬೇಕು ಎಂದೆ. ಬಾವ ನಿನ್ನೆ ಸಂಜೆ ಬಂದ, ದೊಡ್ಡವೆಂಕಟಪ್ಪ, ಶೂಲಗಿರಿವರೆಗೆ ಯಾರದೋ ಗಾಡಿಯಲ್ಲಿ, ಅಲ್ಲಿಂದ ನಡೆದುಕೊಂಡು, ಅಕ್ಕನ ಹನ್ನೊಂದನೇ ದಿನದ್ದು ಮುಗಿಸಿ ನಾನು ಊರಿಗೆ ಬಂದ ಐದನೇ ದಿನ, ಜಗಲಿಯ ಮೇಲೆ ಕೂತು ನೀರು ಕುಡಿದು, ಮನೇಲಿದ್ದ ಲಾಂದ್ರ ನಿನ್ನ ಗಾಡೀಲಿ ಬಂದ್ಬುಟ್ಟೈತೇನೋ ಅಂತ ಬಂದೆ ಕಣಪ್ಪ ಎಂದ. ಲಾಂದ್ರಕ್ಕೆಂದು ಯಾರಾದರೂ ಅಷ್ಟು ದೂರ ನಡೆಯುತ್ತಾರೆಯೇ, ಮನೆಯಲ್ಲಿ ಕೂರಲಾಗದೆ ಬಂದಿದ್ದಾನೆ, ಮುಖವೆಲ್ಲ ಬಿಳಿ ಗಡ್ಡ, ಹದಿನಾರು ದಿನದಲ್ಲಿ ಹೆಗಲ ಮೂಳೆ ಎದ್ದಿದೆ. ಅವನ ಊರಿನಲ್ಲಿ ಎರಡು ಮಾತು ಆಡುತ್ತಿದ್ದಾರೆ, ಎರಡೂ ನನ್ನ ಕಿವಿಗೆ ಬಿದ್ದಿವೆ. ಒಂದು, ಗಂಡ ಅನ್ನಿಸಿಕೊಂಡವನು ಸಂತೆಗೆ ಹೋಗಿ ಕೂತ, ರಾಗಿ ಹಗೇವು ತೆಗೆಯೋ ದಿನ ಮನೇಲಿರಬೇಕಾಗಿತ್ತು ಎಂದು. ಇನ್ನೊಂದು, ಅವಳೇ ಆತುರಗೇಡಿ, ದೀಪ ಬಿಟ್ಟು ನೋಡದೆ ಗುಂಡಿಗೆ ಇಳಿದಳು ಎಂದು. ಬಾವನ ತಾಯಿ ತೆಲುಗಿನಲ್ಲಿ ಹಾಡಿಕೊಂಡು ಅತ್ತಾಗಲೂ ಅದನ್ನೇ ಸೇರಿಸಿ ಅತ್ತಳು, ಅಷ್ಟೇನು ಆತುರವಿತ್ತೇ ತಾಯಿ ಎಂದು. ಅಕ್ಕ ಆತುರಗೇಡಿಯಂತೆ. ನಾನು ಅಲ್ಲೇ ಕಂಬಕ್ಕೆ ಒರಗಿ ಕೂತು ಕೇಳುತ್ತಿದ್ದೆ.

ಹೋ ಹೋ ಎನ್ನುತ್ತಾನೆ ಪಾಪಣ್ಣ, ಎಡದ ಎತ್ತು ಎಳೆಯುತ್ತಿಲ್ಲ, ಕೂರಿಗೆ ವಾರೆಯಾಗಿ ಹೋಗುತ್ತಿದೆ, ಬಿಗಿ ಹಿಡಿಯಬೇಕು. ಅಕ್ಕನಷ್ಟು ನಿಧಾನದ ಮನುಷ್ಯಳನ್ನು ಈ ಸೀಮೆಯಲ್ಲಿ ಯಾರೂ ಕಂಡಿಲ್ಲ, ಅವ್ವ ಸತ್ತಾಗ ನನಗೆ ಮೂರು ವರ್ಷ, ಅವಳಿಗೆ ಒಂಬತ್ತು, ಒಂಬತ್ತರ ಹುಡುಗಿ ಮೊರ ಹಿಡಿದು ಕೂತರೆ ಹೊತ್ತು ನೆತ್ತಿಗೆ ಬರುತ್ತಿತ್ತು, ಒಂದು ಕಲ್ಲು ಉಳಿಯುತ್ತಿರಲಿಲ್ಲ, ನಾನು ಹಸಿವಿಗೆ ಅತ್ತು ಕಾಲು ಬಡಿದರೆ ತಡಿಲಾ, ಹಲ್ಲಿಗೆ ಕಲ್ಲು ಸಿಕ್ಕೀತು ಎನ್ನುತ್ತಿದ್ದಳು, ಮುದ್ದೆ ಬೆಂದಿತೋ ಎಂದು ಬೆರಳು ಒದ್ದೆ ಮಾಡಿ ಮೂರು ಸಲ ಮುಟ್ಟಿ ನೋಡಿ, ಆಮೇಲೆ ಇಳಿಸಿ, ಅಪ್ಪನಿಗೆ ಇಕ್ಕಿ, ನನಗೆ ಇಕ್ಕಿ, ಕೋಲಿಗೆ ಮೆತ್ತಿದ್ದನ್ನು ಕೆರೆದು ತಾನು ತಿನ್ನುತ್ತಿದ್ದಳು. ನಮ್ಮ ಮನೆಯ ಹಿತ್ತಲಲ್ಲೂ ಆಗ ಹಗೇವಿತ್ತು, ಎರಡಾಳು ಆಳ, ಬಾಯಿ ಕಿರಿದು, ಒಳಗೆ ಗುಡಾಣದ ಹೊಟ್ಟೆ, ಮೇಲೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ರಾಗಿ ಹತ್ತು ವರ್ಷ ಕೆಡುವುದಿಲ್ಲ, ತೆಗೆಯುವಾಗ ಮಾತ್ರ ಒಂದು ಹಗಲು ಒಂದು ರಾತ್ರಿ ಬಾಯಿ ತೆರೆದಿಟ್ಟು ಅದರ ಉಸಿರು ಹೋಗಲು ಬಿಡಬೇಕು, ಆಮೇಲೆ ದೀಪ ಕಟ್ಟಿ ಇಳಿಬಿಡಬೇಕು, ದೀಪ ಉರಿದರೆ ಇಳಿಯಬಹುದು, ಆರಿದರೆ ಇಳಿಯಬಾರದು, ಇದನ್ನು ನನಗೆ ಕಲಿಸಿದವಳು ಅವಳು. ಸಣಕಲು ಮೈ, ಅವಳೇ ಇಳಿಯುತ್ತಿದ್ದಳು, ನಾನು ಬಾಯಿಯ ಹತ್ತಿರ ಹೊಟ್ಟೆಯಡಿ ಮಲಗಿ ಇಣುಕಿದರೆ ಕತ್ತಲಲ್ಲಿ ಅವಳ ಮುಖ ಕಾಣುತ್ತಿರಲಿಲ್ಲ, ದನಿ ಮಾತ್ರ ಮಡಕೆಯೊಳಗಿಂದ ಬಂದಂತೆ ದಪ್ಪಗೆ ಬರುತ್ತಿತ್ತು, ಆವುಲಾ, ನಾನು ಪಾತಾಳದ ರಾಣಿ ಕಣ್ಲಾ, ನಿಂಗೇನು ಬೇಕು ಕೇಳು, ನಾನು ಬೆಲ್ಲ ಎನ್ನುತ್ತಿದ್ದೆ, ಪಾತಾಳದಲ್ಲಿ ಬೆಲ್ಲ ಇಲ್ಲ, ರಾಗಿ ಐತೆ, ತಿಂತೀಯಾ.

ಮದುವೆಯಾಗಿ ಹೊರಟ ದಿನ ನಾನು ಗಾಡಿಯ ಹುಲ್ಲಿನಡಿ ಅಡಗಿ ಕೂತೆ, ಹನ್ನೆರಡು ವರ್ಷದವನು, ನಾಚಿಕೆಯಿಲ್ಲದೆ. ಅವಳಿಗೆ ಗೊತ್ತಾಗಿತ್ತು, ಗೊತ್ತಾಗಿಯೂ ಸುಮ್ಮನಿದ್ದಳು, ಶೂಲಗಿರಿ ಗುಡ್ಡ ದಾಟುವವರೆಗೆ ಯಾರೂ ನೋಡದಾಗ ಹುಲ್ಲಿನೊಳಕ್ಕೆ ಒಬ್ಬಟ್ಟು ಮುರಿದು ತುರುಕುತ್ತಿದ್ದಳು, ಊರು ಬಂದು ಹುಲ್ಲು ಇಳಿಸಿದಾಗ ನಾನು ಹೊರಬಿದ್ದೆ, ಮೈತುಂಬ ಹೊಟ್ಟು, ಬೀಗರೆಲ್ಲ ಬಾಯಿ ಬಿಟ್ಟು ನಿಂತರು, ಬಾವ ನನ್ನ ರಟ್ಟೆ ಹಿಡಿದೆತ್ತಿ, ಎಲ್ಲರೂ ಬಳುವಳಿಗೆ ಹಸು ಕೊಡ್ತಾರೆ, ಇವರು ಹೋರಿಕರ ಕೊಟ್ಟವ್ರೆ ಎಂದ, ಅವತ್ತಿನಿಂದ ಬಾವ ನನ್ನನ್ನು ಬಳುವಳಿ ಎಂದೇ ಕರೆಯುವುದು, ಮೂವತ್ತಾರು ವರ್ಷದ ಗಂಡಸನ್ನು ಸಂತೆಯ ನಡುವೆ ನಿಲ್ಲಿಸಿ ಏನಪ್ಪ ಬಳುವಳಿ ಎನ್ನುತ್ತಿದ್ದ. ನಿನ್ನೆ ಕರೆಯಲಿಲ್ಲ. ಆವುಲಪ್ಪ ಎಂದ. ನನ್ನ ಹೆಂಡತಿ ರಾಮಲಕ್ಷ್ಮಮ್ಮ ರಾತ್ರಿ ಅವನಿಗೆ ಅನ್ನ ಬಡಿಸಿದಳು, ಎರಡು ತುತ್ತು ತಿಂದು ಕೈ ತೊಳೆದ, ಏನೋ ಹೇಳಬೇಕೆಂದು ಕೂತವನಂತೆ ಕೂತಿದ್ದ, ಕೊನೆಗೆ ಹೇಳಿದ, ನಾನು ಇನ್ನೊಂದು ದಿನ ಸಂತೆಗೆ ಹೋಗಬೋದಾಗಿತ್ತು ಕಣಪ್ಪ, ಒಂದು ಹಗ್ಗ ತರೋಕೆ ಹೋದೆ, ಹಗ್ಗ.

ಮತ್ತೆ ಸಾಲಿನ ಕೊನೆ, ಮತ್ತೆ ಹೊಂಗೆ ಮರ. ಯಾರೂ ಇಲ್ಲ, ಪಾಪಣ್ಣ ಎತ್ತಿಗೆ ನೀರು ತೋರಿಸಲು ಹಳ್ಳದ ಕಡೆ ಹೋಗಿದ್ದಾನೆ, ಈಗಲೇ ಆಗಬೇಕು, ಇದಕ್ಕೆಂದೇ ನಸುಕಿಗೆ ಎದ್ದು ಕೊಟ್ಟಿಗೆಯ ಹುಲ್ಲಿನಿಂದ ತೆಗೆದು ತಂದದ್ದು, ಲಾಂದ್ರದ ಬುಡದ ಮುಚ್ಚಳ ತಿರುಗಿಸಿ ಎಣ್ಣೆಯನ್ನು ಬದುವಿನ ಮಣ್ಣಿಗೆ ಚೆಲ್ಲಿಬಿಟ್ಟರೆ ಮುಗಿಯಿತು, ಆಮೇಲೆ ಬಾವನಿಗೆ ಖಾಲಿ ಲಾಂದ್ರ ಕೊಡಬಹುದು, ನಾನು ಹೇಳಿದ ಮಾತು ನಿಜವಾಗುತ್ತದೆ. ಮುಚ್ಚಳದ ಮೇಲೆ ಬೆರಳಿಟ್ಟಿದ್ದೇನೆ. ತಿರುಗುತ್ತಿಲ್ಲ, ಅಲ್ಲ, ತಿರುಗಿಸುತ್ತಿಲ್ಲ. ಸೀಮೆಎಣ್ಣೆ ತಿಂಗಳಿಗೆ ಇಷ್ಟೇ ಎಂದು ಅಳೆದು ಕೊಡುವ ಕಾಲ, ಯುದ್ಧ ಎಲ್ಲೋ ನಡೆಯುತ್ತದೆ, ದೀಪ ಇಲ್ಲಿ ಆರುತ್ತದೆ, ಅಂಗಡಿಯವನು ತಮಿಳಿನಲ್ಲಿ ಗದರಿಸಿ ಅರ್ಧ ಸೀಸೆ ಹುಯ್ಯುತ್ತಾನೆ, ಅಕ್ಕ ಹೊತ್ತು ಮುಳುಗುವ ಮುಂಚೆ ಅಡಿಗೆ ಮುಗಿಸಿ, ಬೆಳದಿಂಗಳಿದ್ದರೆ ಅಂಗಳದಲ್ಲೇ ಉಣ್ಣಲು ಬಡಿಸಿ, ತೊಟ್ಟು ತೊಟ್ಟು ಉಳಿಸಿದ ಎಣ್ಣೆ ಇದು, ಇದನ್ನು ಮಣ್ಣಿಗೆ ಚೆಲ್ಲಲು ನನ್ನ ಕೈಯಲ್ಲಿ ಆಗುವುದಿಲ್ಲ, ನಿನ್ನೆಯೂ ಆಗಲಿಲ್ಲ, ಹೊಂಗೆಯ ಎಲೆ ತಲೆಯ ಮೇಲೆ ಉದುರುತ್ತಿದೆ, ಪಾಪಣ್ಣ ಬಂದ, ಎತ್ತು ಕಟ್ಟಿದ, ಹೊಡೀಲಾ ಎಂದ.

ಅವತ್ತು ನಾನು ಹೋಗುವಾಗ ಪುನರ್ವಸು ಮಳೆ ಬಿದ್ದು ಹದವಾಗಿತ್ತು, ಗಾಡಿ ನನ್ನದು, ಎತ್ತು ಪಾಪಣ್ಣನವು, ಮಾರನೇ ದಿನ ಸಂಜೆಗೆ ತಂದು ಕಟ್ಟುತ್ತೇನೆ ಎಂದು ಹೇಳಿದ್ದೆ. ಮನೆಯಲ್ಲಿ ರಾಗಿ ಮುಗಿಯುತ್ತ ಬಂದಿತ್ತು, ಬಿತ್ತನೆಗೆ ಬಂದವರಿಗೆ ಮುದ್ದೆ ಇಕ್ಕಬೇಕಲ್ಲ, ಅಕ್ಕನನ್ನೂ ಕರೆದುಕೊಂಡು ನಾಲ್ಕು ಕೊಳಗ ರಾಗಿಯನ್ನೂ ತರೋಣವೆಂದು ಹೋದೆ. ರಾತ್ರಿ ಅಲ್ಲೇ ಉಳಿದೆ, ಬಾವ ಬೆಳಿಗ್ಗೆಯೇ ರಾಯಕೋಟೆ ಸಂತೆಗೆ ಹೊರಟಿದ್ದ, ಹೊರಡುವ ಮುಂಚೆ ನಾವು ಮೂವರೂ ಸೇರಿ ಹಗೇವಿನ ಮೇಲಿನ ಹುಲ್ಲು ಸರಿಸಿ ಚಪ್ಪಡಿ ಎತ್ತಿದೆವು, ಮೂರು ವರ್ಷ ಮುಚ್ಚಿದ್ದದ್ದು, ಬೆಚ್ಚಗಿನ ಹುಳಿ ವಾಸನೆ ಬಂತು, ಬಾವ ಮೂಗು ಮುಚ್ಚಿಕೊಂಡು, ನಾಳೆವರೆಗೂ ಬಿಡಿ, ನಾನು ಬಂದ್ಮೇಲೆ ಇಳಿಯೋಣ ಎಂದ, ಅಕ್ಕ ಹೂಂ ಎಂದಳು. ಮಧ್ಯಾಹ್ನದ ಹೊತ್ತಿಗೆ ನನಗೆ ತಡೆಯಲಿಲ್ಲ. ನಾಳೆ ಎಂದರೆ ಹದ ಹೋಗುತ್ತದೆ, ಎತ್ತು ಬೇರೆಯವರದು, ಈಗ ತುಂಬಿಕೊಂಡು ಹೊರಟರೆ ಕತ್ತಲೆಗೆ ಮುಂಚೆ ಶೂಲಗಿರಿ, ಹಗೇವಿನ ಬಾಯಿ ತೆರೆದು ಅರ್ಧ ಹಗಲಾಯಿತಲ್ಲ, ಇನ್ನೆಷ್ಟು ಬೇಕು — ಇದನ್ನೆಲ್ಲ ಆಡಿದವನು ನಾನು, ಜಗಲಿಯ ಮೇಲಿಂದ ಅಂಗಳಕ್ಕೂ ಅಂಗಳದಿಂದ ಜಗಲಿಗೂ ಓಡಾಡಿದವನು ನಾನು. ಅಕ್ಕ ಹಿಟ್ಟು ಜರಡಿ ಹಿಡಿಯುತ್ತಿದ್ದಳು, ತಲೆ ಎತ್ತದೆ, ನಿಂಗೆ ಹುಟ್ಟಿದಾಗಿಂದ ಅವಸರ ಕಣ್ಲಾ, ಏಳು ತಿಂಗಳಿಗೇ ಹೊರಬಿದ್ದೋನು ಎಂದಳು, ಜರಡಿ ಮುಗಿಸಿದಳು, ಕೈ ಕೊಡವಿದಳು, ಎದ್ದಳು. ಸುಮ್ಮನೆ ಇಳಿಯಲಿಲ್ಲ. ದೀಪ ಬಿಟ್ಟು ನೋಡದೆ ಇಳಿದಳು ಎನ್ನುತ್ತಾರಲ್ಲ, ನೋಡಿದಳು, ಒಳಗಿನಿಂದ ಲಾಂದ್ರ ತಂದು ಹಚ್ಚಿ ಹಗ್ಗಕ್ಕೆ ಕಟ್ಟಿ ತಾನೇ ಇಳಿಬಿಟ್ಟಳು, ನಾವಿಬ್ಬರೂ ಬಗ್ಗಿ ನೋಡಿದೆವು, ಹಳದಿ ಬೆಳಕು ಗೋಡೆಯ ಮೇಲೆ ಇಳಿಯಿತು, ಒಂದಾಳು ಇಳಿಯಿತು, ಚಿಕ್ಕದಾಯಿತು, ನೀಲಿಯಾಯಿತು, ಹೋಯಿತು.

ಅಕ್ಕ ನನ್ನ ಮುಖ ನೋಡಿದಳು. ಆರೋಯ್ತಲ್ಲೋ ಎಂದಳು. ಎಣ್ಣೆ ಮುಗಿದಿರಬೇಕು ಕಣಕ್ಕ, ಕಂಟ್ರೋಲ್ ಎಣ್ಣೆ, ಅರ್ಧ ನೀರೇ ಇರ್ತದೆ, ಎಂದೆ ನಾನು. ಅವಳು ಹಗ್ಗ ಎಳೆದು ಲಾಂದ್ರ ಮೇಲಕ್ಕೆ ತೆಗೆದಳು, ಮೊನ್ನೆ ಹಾಕಿದ ನೆನಪು ನಂಗೆ ಎಂದಳು, ಇನ್ನೊಂದು ಕಡ್ಡಿ ಗೀರಿ ನೋಡಾನ ಎಂದಳು. ಕಡ್ಡಿಯೇನು ಬಿಟ್ಟಿ ಬರ್ತವಾ, ನಿನ್ನ ನೆನಪು ನಂಗೊತ್ತಿಲ್ವಾ, ಹೊತ್ತಾಯ್ತದೆ ಇಳಿಯಕ್ಕ, ಒಂದೆರಡು ಕುಕ್ಕೆ ತಾನೆ. ಇಷ್ಟೇ. ಇಷ್ಟೇ ಮಾತು. ಲಾಂದ್ರವನ್ನು ಅವಳ ಕೈಯಿಂದ ತೆಗೆದು ಪಕ್ಕಕ್ಕಿಟ್ಟವನು ನಾನೇ, ಇಡುವಾಗ ಅಲ್ಲಾಡಿಸಿ ನೋಡಬಹುದಿತ್ತು, ಎಣ್ಣೆ ಕಾಯುವ ಈ ಕಾಲದಲ್ಲಿ ಮನೆಮನೆಯಲ್ಲೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿಯೇ ನೋಡುತ್ತಾರೆ, ಮಕ್ಕಳೂ ನೋಡುತ್ತಾರೆ, ನಾನು ನೋಡಲಿಲ್ಲ. ಅವಳು ನನ್ನ ಮಾತು ನಂಬಿದಳು. ಮೂರು ವರ್ಷದ ಕೂಸಾಗಿದ್ದಾಗಿಂದ ನಿಂಗೆ ಹೊಟ್ಟೆಗಿಕ್ಕಿ ಸಾಕಾಯ್ತು ಕಣ್ಲಾ ಎಂದು ನಗುತ್ತ ಸೆರಗು ಸೊಂಟಕ್ಕೆ ಸಿಕ್ಕಿಸಿ, ಗೋಡೆಯ ಗುಳಿಗಳಲ್ಲಿ ಕಾಲಿಡುತ್ತ ಇಳಿದಳು, ಕುಕ್ಕೆ ಇಳಿಬಿಟ್ಟೆ, ರಾಗಿ ಸರಿಯುವ ಸದ್ದು, ಹಗ್ಗ ಜಗ್ಗಿದಳು, ಎಳೆದೆ, ನೋಡಿದರೆ ಅರ್ಧ ಕುಕ್ಕೆ. ನನಗೆ ಸಿಟ್ಟು ಬಂತು, ಸಿಟ್ಟೇ ಬಂತು, ತುಂಬ ತುಂಬು ಅಕ್ಕ ಎಂದು ಒಳಕ್ಕೆ ಕೂಗಿದೆ. ಕುಕ್ಕೆ ಮತ್ತೆ ಇಳಿಬಿಟ್ಟೆ. ಹಗ್ಗ ಜಗ್ಗಲಿಲ್ಲ. ಕಾದೆ. ಅವಳ ನಿಧಾನ ಗೊತ್ತಲ್ಲ, ಕಾಳಲ್ಲಿ ಏನೋ ಆರಿಸುತ್ತಿದ್ದಾಳೆ ಎಂದುಕೊಂಡೆ, ರಾಗಿ ಕೆದಕುತ್ತಿದ್ದ ಅಂಗಳದ ಕೋಳಿಯನ್ನು ಹುಶ್ ಎಂದು ಓಡಿಸಿದೆ, ಹಗ್ಗ ಸಡಿಲವಾಗಿ ಕೈಯಲ್ಲಿ, ಅಕ್ಕ ಎಂದೆ, ಅಕ್ಕೋ ಎಂದೆ, ಬಗ್ಗಿದೆ, ಪಾತಾಳದಿಂದ ದನಿ ಬರಲಿಲ್ಲ.

ಆಮೇಲಿನದು ತುಂಡು ತುಂಡು. ಜನ ಬಂದರು, ನನ್ನನ್ನು ಇಬ್ಬರು ಹಿಂದಿನಿಂದ ಅವುಚಿ ಹಿಡಿದರು, ಇವನೂ ಹೋಗ್ಬುಡ್ತಾನೆ ಹಿಡೀರಿ ಎಂದರು, ಒದ್ದೆ ಕಂಬಳಿ ಇಳಿಬಿಟ್ಟು ಬೀಸಿದರು, ಬೀಸಿದರು, ಎಷ್ಟು ಹೊತ್ತು ಬೀಸಿದರು, ಒಬ್ಬ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ, ಅವಳನ್ನು ಎತ್ತಿ ಮಲಗಿಸಿದಾಗ ಕೂದಲಲ್ಲಿ ರಾಗಿ, ರೆಪ್ಪೆಯ ಮೇಲೆ ರಾಗಿ, ಮುಚ್ಚಿದ ಮುಷ್ಟಿಯಲ್ಲಿ ರಾಗಿ, ನಾನು ಹಿಂದೆ ಹಿಂದೆ ಸರಿದೆ, ಕಾಲಿಗೆ ಏನೋ ತಗುಲಿ ಉರುಳಿತು, ಲಾಂದ್ರ. ಉರುಳಿದ ಲಾಂದ್ರದ ಬುಡದಲ್ಲಿ ಗುಳುಕ್ ಎಂದಿತು. ಯಾರೂ ಕೇಳಲಿಲ್ಲ, ಅಷ್ಟು ಜನ ಅಳುತ್ತಿದ್ದರು, ನಾನು ಕೇಳಿದೆ. ಎತ್ತಿಕೊಂಡೆ, ಎಷ್ಟು ಭಾರವಿತ್ತು, ಮುಕ್ಕಾಲು ಎಣ್ಣೆ. ಗಾಡಿಯ ಹುಲ್ಲಿನೊಳಕ್ಕೆ ತುರುಕಿದೆ, ನಾನು ಹಿಂದೊಮ್ಮೆ ಅಡಗಿ ಕೂತಿದ್ದಂಥ ಹುಲ್ಲು. ದೀಪ ಬಿಟ್ಟು ನೋಡಿದ್ರೇನ್ರಪ್ಪ ಎಂದು ಊರವರು ಕೇಳಿದಾಗ, ದೀಪದಲ್ಲಿ ಎಣ್ಣೆ ಇರಲಿಲ್ಲ ಎಂದೆ, ಅದು ಅವರ ಬಾಯಲ್ಲಿ ದೀಪ ಬಿಡಲಿಲ್ಲ ಎಂದಾಯಿತು, ಆತುರಗೇಡಿ ಎಂದಾಯಿತು, ನಾನು ತಿದ್ದಲಿಲ್ಲ. ಹೊತ್ತು ಮುಳುಗುವಾಗ ಬಾವ ಸಂತೆಯಿಂದ ಬಂದ, ಹೆಗಲ ಮೇಲೆ ಹೊಸ ಹಗ್ಗ. ಒಂದು ಗುಂಡಿಯಿಂದ ಎತ್ತಿದವಳನ್ನು ಮಾರನೇ ದಿನ ಇನ್ನೊಂದು ಗುಂಡಿಗೆ ಇಳಿಸಿದರು, ಮೊದಲ ಹಿಡಿ ಮಣ್ಣು ಬಾವ ಹಾಕಿದ, ಎರಡನೆಯದು ನಾನು, ಕೈ ಹೀಗೆಯೇ ಬೆವರಿತ್ತು. ಹನ್ನೊಂದು ಮುಗಿದ ಮೇಲೆ ಬಾವ ತಾನೇ ಹಗೇವಿನಿಂದ ನಾಲ್ಕು ಕೊಳಗ ಅಳೆಸಿ ಗಾಡಿಗೆ ಹಾಕಿಸಿದ, ಬೇಡ ಬಾವ ಎಂದೆ, ಅವಳು ಕೊಡ್ಬೇಕು ಅಂತಿದ್ಲಲ್ಲ ತಗೊಂಡೋಗು ಎಂದ, ಆ ಅರ್ಧ ಕುಕ್ಕೆಯನ್ನು ಬೇರೆ ಗಂಟು ಕಟ್ಟಿ ಮೇಲಿಟ್ಟ.

ಹೊತ್ತು ನೆತ್ತಿಗೆ ಬಂದಿದೆ. ಕಾಲುದಾರಿಯಲ್ಲಿ ರಾಮಲಕ್ಷ್ಮಮ್ಮ, ತಲೆಯ ಮೇಲೆ ಊಟದ ಕುಕ್ಕೆ, ಅವಳ ಹಿಂದೆ ಬಾವ, ಬರಿಗೈ, ತಲೆಗೆ ಟವಲು. ಬಿತ್ತನೆ ನಿಲ್ಲಿಸಿ ಕೈ ಕಾಲು ತೊಳೆದು ಹೊಂಗೆಯ ನೆರಳಿಗೆ ಬಂದೆವು, ಮುದ್ದೆ ಮುರಿದರೆ ಆವಿಯ ಜೊತೆಗೆ ಆ ವಾಸನೆ, ಬೆಚ್ಚಗಿನ ಹುಳಿ ವಾಸನೆ, ಹೆಂಡತಿ ಆ ಅರ್ಧ ಕುಕ್ಕೆಯ ಗಂಟನ್ನೇ ಬಿಚ್ಚಿ ಬೀಸಿದ್ದಾಳೆ, ಹಗೇವಿನ ರಾಗಿ ಅಂದ್ರೆ ಇದು, ಏನು ರುಚಿ ಎಂದು ಪಾಪಣ್ಣ ಅಂದುಬಿಟ್ಟ, ಅಂದವನು ತಕ್ಷಣ ತಲೆ ತಗ್ಗಿಸಿದ. ಬಾವ ಉಣ್ಣುತ್ತಿಲ್ಲ, ಬಿತ್ತಿದ ಸಾಲುಗಳನ್ನು ನೋಡುತ್ತಿದ್ದಾನೆ, ಎಲ್ಲಿ ಒತ್ತು ಬಿದ್ದಿದೆ ಎಲ್ಲಿ ಬೋಳು ಬಿದ್ದಿದೆ ಎಂದು ಈಗ ಯಾರಿಗೂ ಕಾಣುವುದಿಲ್ಲ, ಎಂಟು ದಿನಕ್ಕೆ ಮೊಳಕೆ ಬಂದಾಗ ಕಾಣುತ್ತದೆ. ಅವಳು ಬದುಕಿನಲ್ಲಿ ಒಂದು ದಿನವೂ ಅವಸರ ಮಾಡಿದವಳಲ್ಲ, ಎಂದ ಬಾವ, ಯಾರಿಗೂ ಅಲ್ಲ, ಹೊಲಕ್ಕೆ, ಅವತ್ತೊಂದು ದಿನ ಯಾಕಂಗೆ ಮಾಡಿದ್ಲೋ, ನಾನು ಸಂತೆಗೆ ಹೋಗಬಾರದಾಗಿತ್ತು. ನನ್ನ ಕೈಯಲ್ಲಿ ಮುರಿದ ತುತ್ತು, ಅಕ್ಕ ಕೊಟ್ಟದ್ದು, ನುಂಗಿದೆ. ಎದ್ದೆ. ಕೊಂಬೆಯಿಂದ ಲಾಂದ್ರ ಬಿಡಿಸಿದೆ, ನೇರವಾಗಿ, ಅಲುಗದ ಹಾಗೆ, ಬಾವನ ಮುಂದೆ ಹಿಡಿದೆ. ಅವಳು ದೀಪ ಬಿಟ್ಲು ಬಾವ, ಎಂದೆ, ಆರಿದ್ದನ್ನ ನೋಡಿದ್ಲು, ಇನ್ನೊಂದು ಕಡ್ಡಿ ಗೀರಿ ನೋಡಾನ ಅಂತಾನೇ ನಿಂತಿದ್ಲು, ಎಣ್ಣೆ ಮುಗಿದದೆ ಅಂದೋನು ನಾನು — ನನ್ನ ದನಿ ನನಗೇ ಮಡಕೆಯೊಳಗಿಂದ ಬಂದಂತೆ ಕೇಳಿಸುತ್ತಿದೆ, ರಾಮಲಕ್ಷ್ಮಮ್ಮ ಸೌಟು ಹಿಡಿದವಳು ಹಾಗೇ ನಿಂತಿದ್ದಾಳೆ, ಪಾಪಣ್ಣ ನನ್ನ ಮುಖ ನೋಡುತ್ತಿದ್ದಾನೆ — ಅಲ್ಲಾಡಿಸಿ ನೋಡು ಬಾವ. ಬಾವ ತೆಗೆದುಕೊಂಡ, ತಂತಿಯ ಹಿಡಿಯ ಮೇಲೆ ಹೆಬ್ಬೆರಳು ಒಂದು ಸಲ ಆಡಿಸಿದ, ಅವಳು ಕಟ್ಟಿದ ಗಂಟಿನ ಮೇಲೆ, ಎಲ್ಲರೂ ಮಾಡುವ ಹಾಗೆ ನಿಧಾನಕ್ಕೆ ಕಿವಿಯ ಹತ್ತಿರ ತಂದ, ಬೆಳಕು ಇಳಿಯಿತು, ಚಿಕ್ಕದಾಯಿತು, ನೀಲಿಯಾಯಿತು, ಅಕ್ಕ ನನ್ನ ಮುಖ ನೋಡಿದಳು, ಬಾವ ಅಲ್ಲಾಡಿಸಿದ, ಗುಳುಕ್, ಅವನ ಕಣ್ಣು ನನ್ನ ಮೇಲೆ, ಇನ್ನೊಂದು ಸಲ ಅಲ್ಲಾಡಿಸಿದ, ಗುಳುಕ್.